ಮಣ್ಣಿನ ರಿಪೋರ್ಟ್ ಬಿಸಾಕಬೇಡಿ, ಜೋಡಿಸಿಡಿ

ಪ್ರಶ್ನೆ: ಸರ್, ನಮ್ದು ಮಲೇಬೆನ್ನೂರು ಹತ್ರ ಭದ್ರಾ ಚಾನಲ್ ಕೆಳಗಿನ ಭತ್ತದ ಗದ್ದೆ, ವರ್ಷಕ್ಕೆ ಎರಡು ಬೆಳೆ. ಗೊಬ್ಬರ ಏರ್ತಾನೇ ಇದೆ, ಇಳುವರಿ ಮಾತ್ರ ಇಳೀತಿದೆ. ಬೇಸಿಗೇಲಿ ತಗ್ಗಿನ ಮಡಿಗಳಲ್ಲಿ ಬಿಳಿ ಪುಡಿ ಕಾಣುತ್ತೆ. ಕಾವೇರಿ ಡೆಲ್ಟಾ ಕಡೆ ಮುಂದೆ ಮಣ್ಣು ಹೇಗಾಗುತ್ತೆ ಅಂತ ಮೊದಲೇ ಲೆಕ್ಕ ಹಾಕ್ತಾರಂತೆ, ನಮಗೂ ಆಗುತ್ತಾ?

ಉತ್ತರ: ಖಂಡಿತ ಆಗುತ್ತೆ. ಆ ಡೆಲ್ಟಾದಲ್ಲಿ, ಅಂದ್ರೆ ತಂಜಾವೂರು ಕಡೆ, ಸಮುದ್ರದ ಉಪ್ಪುನೀರಿನ ಭಯ, ಜೊತೆಗೆ 1934ರಲ್ಲಿ ಮೆಟ್ಟೂರು ಡ್ಯಾಂ ಆದ್ಮೇಲೆ ಹೊಳೆ ತರ್ತಿದ್ದ ಫಲವತ್ತಾದ ಹೂಳೂ ಎಷ್ಟೋ ಮೇಲೇ ನಿಂತುಬಿಡುತ್ತೆ. ನಿಮಗೆ ಸಮುದ್ರ ಇಲ್ಲ ನಿಜ, ಆದ್ರೆ ಭತ್ತದ ಮೇಲೆ ಭತ್ತ ಹಾಕಿ ಸದಾ ನೀರು ನಿಲ್ಲಿಸಿ, ಬಸಿಗಾಲುವೇಲಿ ಜೊಂಡು ಬೆಳೆದು ಮುಚ್ಚಿಹೋದ್ರೆ ಕೆಳಗಿನ ನೀರು ಬೇರಿನ ಹತ್ರಕ್ಕೇ ಬರುತ್ತೆ, ಬಿಸಿಲಿಗೆ ನೀರು ಆರಿಹೋಗಿ ಉಪ್ಪು ಮೇಲೆ ಉಳಿಯುತ್ತೆ. ನಿಮ್ಮ ಬಿಳಿ ಪುಡಿ ಬಹುಶಃ ಅದೇ, ಚೌಳು ಶುರುವಾಗಿದೆ.

ಮಣ್ಣು ಆರೋಗ್ಯ ಕಾರ್ಡಲ್ಲಿ (ಮಣ್ಣು ಪರೀಕ್ಷೆಯ ರಿಪೋರ್ಟ್) 12 ಅಂಶ ಇರುತ್ತೆ. ಮುಂದಿನದ್ದು ಗೊತ್ತಾಗ್ಬೇಕು ಅಂದ್ರೆ ಮೊದಲು ಮೂರು ನೋಡಿ: ಇಸಿ (ಮಣ್ಣಲ್ಲಿ ಕರಗಿರೋ ಉಪ್ಪಿನ ಅಳತೆ), ಪಿಎಚ್ (ಮಣ್ಣು ಹುಳಿನೋ ಕ್ಷಾರನೋ ಅನ್ನೋ ಅಳತೆ), ಸಾವಯವ ಇಂಗಾಲ (ಕೊಳೆತ ಸೊಪ್ಪು, ಗೊಬ್ಬರದಿಂದ ಮಣ್ಣಲ್ಲಿ ಉಳಿಯೋ ಸತ್ವ). ಇಸಿ 1ರ ಒಳಗಿದ್ರೆ ತೊಂದ್ರೆ ಇಲ್ಲ, ಇಂಗಾಲ 0.5 ಪರ್ಸೆಂಟಿಗಿಂತ ಕೆಳಗಿದ್ರೆ ಕಮ್ಮಿ ಅಂತ ಅರ್ಥ. ಆದ್ರೆ ಒಂದು ಸಲದ ನಂಬರಿಂದ ಮುಂದೇನಾಗುತ್ತೆ ಅಂತ ಹೇಳಕ್ಕಾಗಲ್ಲ. ಇಸಿ ಇವತ್ತು 0.6 ಇದ್ದು, ಒಂದೊಂದು ಟೆಸ್ಟಿಗೂ ಏರ್ತಾ ಇದ್ರೆ ಪೈರು ಸೊರಗೋ ಮೊದಲೇ ನಿಮಗೆ ಸುಳಿವು ಸಿಕ್ಕಂಗೆ, ಲೆಕ್ಕ ಹಾಕೋದು ಅಂದ್ರೆ ಇದೇ.

ಅದಕ್ಕೇ ಸ್ಯಾಂಪಲ್ ಪ್ರತಿ ಸಲ ಅದೇ ಮಡಿಗಳಿಂದ, ಬೇಸಿಗೆ ಬೆಳೆ ಕೊಯ್ದ ಮೇಲೆ, ಗೊಬ್ಬರ ಹಾಕೋ ಮುಂಚೆ ತೆಗೀರಿ. ಬದು, ಮರದ ಬುಡ, ತಿಪ್ಪೆ ಇದ್ದ ಜಾಗ ಬೇಡ. ಮೇಲಿನ ಕಸ ಸರಿಸಿ, ಗುದ್ದಲೀಲಿ ವಿ ಆಕಾರಕ್ಕೆ 15 ಸೆಂಟಿಮೀಟರ್ ಗುಂಡಿ ತೋಡಿ, ಗೋಡೆಯಿಂದ ಮೇಲಿಂದ ಕೆಳಗಿನವರೆಗೂ ಒಂದೇ ದಪ್ಪಕ್ಕೆ ಮಣ್ಣು ಕೆರೀರಿ. ಹೀಗೆ ಹತ್ತು ಹದಿನೈದು ಕಡೆ ತೆಗೆದು ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡ್ತಾ ಬಂದು ಅರ್ಧ ಕೆಜಿ ಉಳಿಸಿ, ನೆರಳಲ್ಲಿ ಒಣಗಿಸಿ. ಬಿಳಿ ಕಂಡ ತಗ್ಗಿನದ್ದು ಬೇರೆ ಚೀಲ, ದಯವಿಟ್ಟು ಬೆರೆಸಬೇಡಿ. ದಾವಣಗೆರೆಯ ತರಳಬಾಳು ಕೆವಿಕೆಯಲ್ಲಿ (ಕೃಷಿ ವಿಜ್ಞಾನ ಕೇಂದ್ರ) ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ರಿಪೋರ್ಟ್ ಬರೋ ತನಕ ಯಾರೋ ಹೇಳಿದ್ರು ಅಂತ ಜಿಪ್ಸಮ್ (ಚೌಳಿಗೆ ಹಾಕೋ ಕ್ಯಾಲ್ಸಿಯಂ ಇರೋ ಪುಡಿ) ಸುರೀಬೇಡಿ. ಬರೀ ಇಸಿ ಜಾಸ್ತಿ ಇದ್ರೆ ಜಿಪ್ಸಮ್ಮಿಂದ ಪ್ರಯೋಜನ ಇಲ್ಲ, ಒಳ್ಳೆ ನೀರು ಕಟ್ಟಿ ಬಸಿದು ಹೋಗಕ್ಕೆ ದಾರಿ ಮಾಡ್ಬೇಕು. ಪಿಎಚ್ 8.5 ದಾಟಿ ಸೋಡಿಯಂ ಜಾಸ್ತಿ ಇದ್ರೆ ಮಾತ್ರ ಅದು ಬೇಕು. ಬಸಿಗಾಲುವೆ ಒಬ್ರೇ ತೆಗೆದ್ರೆ ಆಗಲ್ಲ, ಅಕ್ಕಪಕ್ಕದ ಗದ್ದೆಯವರ ಜೊತೆ ಈಗ್ಲೇ ಮಾತಾಡಿ. ಡಯಾಂಚ (ಹಸಿರೆಲೆ ಗೊಬ್ಬರದ ಗಿಡ) ಬಿತ್ತಿ ಹೂ ಬರೋ ಟೈಮಲ್ಲಿ ಮಣ್ಣಿಗೆ ಸೇರಿಸಿ, ಚೌಳು ತಡೆಯೋ ಬೆಳೆ ಅದು, ಇಂಗಾಲಕ್ಕೂ ಒಳ್ಳೇದು.

ಪ್ರಶ್ನೆ: ಸ್ಯಾಟಲೈಟ್ ನೋಡಿ ಫಲವತ್ತತೆ ಹೇಳೋ ಆ್ಯಪ್ ನಂಬಬಹುದಾ? (ಹಿರಿಯೂರಿನ ಓದುಗರು)

ಉತ್ತರ: ಅದು ಮುಖ್ಯವಾಗಿ ನೋಡೋದು ಬೆಳೆಯ ಹಸಿರನ್ನ. ಸೆಂಟಿನೆಲ್-2 ಅನ್ನೋ ಸ್ಯಾಟಲೈಟಿನ ಚಿತ್ರದಲ್ಲಿ ಒಂದು ಚುಕ್ಕಿ ಅಂದ್ರೆ 10 ಮೀಟರ್ ಉದ್ದಗಲದ ಜಾಗ, ಅಲ್ಲಿ ಹಸಿರು ಕಮ್ಮಿ ಅಂತ ತೋರ್ಸುತ್ತೆ, ಜಿಂಕ್ ಕಮ್ಮಿನೋ ನೀರು ಕಮ್ಮಿನೋ ಅಂತ ಹೇಳಲ್ಲ. ಎಲ್ಲಿ ಅಗೀಬೇಕು ಅನ್ನೋದಕ್ಕೆ ಬಳಸಿ. ಆ ಜಾಗದ ಮಣ್ಣು ತಗೊಂಡು ಬಬ್ಬೂರು ಫಾರಂ ಕೆವಿಕೆಗೆ ಹೋಗಿ, ಬೋರ್ ನೀರು ಕಟ್ತಾ ಇದ್ರೆ ಅದನ್ನೂ ಒಂದು ಬಾಟ್ಲಿ ಒಯ್ಯಿರಿ.