ಐದು ವಾರಗಳಿಂದ ತೂಕ ಇಳಿಯುತ್ತಿಲ್ಲ ಎಂಬ ಪ್ರಶ್ನೆಗೆ

ನಮಸ್ಕಾರ. ಮೊದಲ ನಾಲ್ಕು ತಿಂಗಳಲ್ಲಿ 87 ಕಿಲೋದಿಂದ 78 ಕಿಲೋಗೆ ಇಳಿದಿರಿ, ಅದೇ ಊಟ ಮತ್ತು ಅದೇ ನಡಿಗೆಯನ್ನು ಬಿಡದೆ ನಡೆಸಿದರೂ ಕಳೆದ ಐದು ವಾರಗಳಿಂದ ತೂಕ ಅಲ್ಲೇ ನಿಂತಿದೆ, ಈಗ ಆಹಾರವನ್ನು ದಿನಕ್ಕೆ 900 ಕ್ಯಾಲೊರಿಗೆ ಇಳಿಸುವುದೋ ಅಥವಾ ಎಲ್ಲವನ್ನೂ ಕೈಬಿಡುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ ಎಂಬುದು ನನ್ನ ಉತ್ತರ. ಈಗಾಗಲೇ ಬಂದಿರುವ ಉತ್ತರಗಳಲ್ಲಿ ಹೆಚ್ಚಿನವು ಛಲ ಬಿಡಬೇಡಿ ಎಂದಿವೆ. ಒಳ್ಳೆಯ ಮನಸ್ಸಿನಿಂದ ಬಂದ ಮಾತು ಅದು, ಆದರೆ ಐದು ವಾರ ಫಲ ಕಾಣದೆಯೂ ನಡಿಗೆ ಬಿಡದವರಿಗೆ ಛಲದ ಪಾಠ ಬೇಕಿಲ್ಲ. ಪ್ರತಿದಿನದ ಶ್ರಮಕ್ಕೆ ನೀವು ಉತ್ತರ ಕೇಳುತ್ತಿರುವುದು ಒಂದೇ ಒಂದು ಅಂಕಿಯ ಬಳಿ, ಅಷ್ಟು ಬೇಗ ನೇರವಾದ ಉತ್ತರ ಕೊಡುವ ಶಕ್ತಿ ಆ ಅಂಕಿಗೆ ಇಲ್ಲ. ಉತ್ಸಾಹ ಸೋರಿಹೋಗುತ್ತಿರುವುದು ಅಲ್ಲಿ.

ಮೊದಲು ತೂಕ ನಿಜವಾಗಿಯೂ ನಿಂತಿದೆಯೇ ಎಂದು ನೋಡಬೇಕು. ನಮ್ಮ ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೋಜನ್ ರೂಪದಲ್ಲಿ ಸಕ್ಕರೆಯ ಅಂಶವನ್ನು ಕೂಡಿಡುತ್ತವೆ, ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಉಳಿಯುತ್ತದೆ. ಮೊದಲ ವಾರಗಳಲ್ಲಿ ತೂಕ ಸರಸರನೆ ಇಳಿದದ್ದರಲ್ಲಿ ಈ ನೀರಿನ ಪಾಲು ದೊಡ್ಡದಿತ್ತು. ಈಗಲೂ ದೇಹದ ತೂಕ ಒಂದು ಉಪ್ಪಿನ ಊಟಕ್ಕೆ, ಹೊಸ ವ್ಯಾಯಾಮದ ಮೈಕೈ ನೋವಿಗೆ, ಮಲಬದ್ಧತೆಯ ಎರಡು ದಿನಕ್ಕೆ, ಮಹಿಳೆಯರಲ್ಲಿ ಮುಟ್ಟಿನ ಮುಂಚಿನ ವಾರಕ್ಕೆ ತಕ್ಕಂತೆ ಒಂದು ಕಿಲೋ ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ವಾರಕ್ಕೆ ಇನ್ನೂರು ಮುನ್ನೂರು ಗ್ರಾಂ ಕೊಬ್ಬು ಕರಗುತ್ತಿದ್ದರೂ ಆ ಏರಿಳಿತದೊಳಗೆ ಅದು ಕಣ್ಣಿಗೆ ಬೀಳುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ವಾರದ ಬೆಳಗಿನ ತೂಕಗಳು ಹೀಗಿವೆ ಎಂದುಕೊಳ್ಳಿ: 78.4, 77.9, 78.8, 78.1, 77.8, 78.6, 78.0. ಮುಂದಿನ ವಾರದವು: 78.3, 77.6, 77.9, 78.7, 77.7, 77.4, 78.0. ವಾರದ ಕೊನೆಯ ದಿನ ಮಾತ್ರ ತೂಗಿದವರಿಗೆ ಎರಡೂ ಸಲ 78.0 ಕಂಡಿತು, ಏನೂ ಆಗಲಿಲ್ಲ ಎಂದು ಅವರು ಕೈಚೆಲ್ಲಿದರು. ಏಳು ದಿನಗಳ ಸರಾಸರಿ ತೆಗೆದವರಿಗೆ 78.23 ಇದ್ದದ್ದು 77.94ಕ್ಕೆ ಬಂದದ್ದು ಕಂಡಿತು. ಆದ್ದರಿಂದ ಎದ್ದು ಶೌಚ ಮುಗಿಸಿ, ಏನನ್ನೂ ಕುಡಿಯುವ ಮುನ್ನ, ಅದೇ ಯಂತ್ರದ ಮೇಲೆ ಅದೇ ಗಟ್ಟಿ ನೆಲದಲ್ಲಿ ನಿಂತು ತೂಕ ಬರೆದಿಡಿ, ಆ ದಿನದ ಅಂಕಿಯ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ, ವಾರದ ಸರಾಸರಿಗಳನ್ನು ನಾಲ್ಕು ವಾರಗಳ ಅಂತರದಲ್ಲಿ ಹೋಲಿಸಿ. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆಯನ್ನೂ ತೆಗೆಯಿರಿ; ಕೊನೆಯ ಪಕ್ಕೆಲುಬಿನ ಕೆಳ ಅಂಚು ಮತ್ತು ಸೊಂಟದ ಮೂಳೆಯ ಮೇಲ್ತುದಿ ಇವೆರಡರ ನಟ್ಟನಡುವೆ, ಸಹಜವಾಗಿ ಉಸಿರು ಬಿಟ್ಟ ಮೇಲೆ ಟೇಪು ಹಿಡಿಯಬೇಕು. ಪ್ರತಿದಿನ ತೂಗಿದರೆ ಮನಸ್ಸು ಕೆಡುವವರು, ಅದರಲ್ಲೂ ಹಿಂದೆ ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು, ಯಂತ್ರವನ್ನು ಬದಿಗಿಟ್ಟು ಟೇಪನ್ನು ಮಾತ್ರ ನಂಬಿದರೂ ನಡೆಯುತ್ತದೆ.

ಸರಾಸರಿಯೂ ನಾಲ್ಕು ವಾರ ಕದಲದಿದ್ದರೆ ಆಗ ಅದು ನಿಜವಾದ ಪ್ಲಾಟೋ, ಅಂದರೆ ತೂಕ ಇಳಿಕೆ ನಿಂತುಹೋದ ಘಟ್ಟ. ಅದಕ್ಕೆ ಕಾರಣ ಸೋಮಾರಿತನವಲ್ಲ, ಸರಳ ಲೆಕ್ಕ. ಹಗುರವಾದ ದೇಹಕ್ಕೆ ಉಸಿರಾಡಲೂ ನಡೆದಾಡಲೂ ಕಡಿಮೆ ಶಕ್ತಿ ಸಾಕು, ಅದರ ಮೇಲೆ ದೇಹ ತನ್ನ ಖರ್ಚನ್ನು ಇನ್ನಷ್ಟು ಬಿಗಿಹಿಡಿಯುತ್ತದೆ. ಕುಳಿತಲ್ಲಿ ಕಾಲಾಡಿಸುವುದು, ಎದ್ದು ಓಡಾಡುವುದು ನಮಗೆ ಗೊತ್ತಿಲ್ಲದೆಯೇ ಕಡಿಮೆಯಾಗುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರಾಗಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು ಮಧುಮೇಹದ ಮಾತ್ರೆಯೊಂದರಿಂದ ತೂಕ ಇಳಿದವರ ಮಾಹಿತಿಯನ್ನು ಪರಿಶೀಲಿಸಿ 2016ರಲ್ಲಿ ಒಂದು ಅಂದಾಜು ಪ್ರಕಟಿಸಿದರು. ಅದರ ಪ್ರಕಾರ ಕಳೆದುಕೊಂಡ ಪ್ರತಿ ಕಿಲೋಗೆ ದಿನದ ಖರ್ಚು 20ರಿಂದ 30 ಕ್ಯಾಲೊರಿ ತಗ್ಗಿದರೆ, ತಿನ್ನಬೇಕೆಂಬ ಒತ್ತಡ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ನಿಮ್ಮ ಒಂಬತ್ತು ಕಿಲೋಗೆ ಇದನ್ನು ಅನ್ವಯಿಸಿದರೆ ಖರ್ಚು 180ರಿಂದ 270 ಕ್ಯಾಲೊರಿ ಇಳಿದಿದೆ ಎಂದಾಯಿತು. ಮೊದಲು ಖರ್ಚಿಗಿಂತ, ಉದಾಹರಣೆಗೆ, 500 ಕ್ಯಾಲೊರಿ ಕೊರತೆ ಕೊಡುತ್ತಿದ್ದ ಊಟ ಈಗ ಅದರ ಸುಮಾರು ಅರ್ಧವನ್ನಷ್ಟೇ ಕೊಡುತ್ತಿದೆ, ಹಸಿವು ಮಾತ್ರ ಹೆಚ್ಚಾಗಿದೆ. ಮೊದಲ ತಿಂಗಳಿಗಿಂತ ಈಗ ಅದೇ ತಟ್ಟೆಯೆದುರು ಕೂರುವುದು ಕಷ್ಟವೆನಿಸುತ್ತಿದ್ದರೆ ನಿಮ್ಮ ಮನೋಬಲ ಕುಗ್ಗಿದೆ ಎಂದುಕೊಳ್ಳಬೇಡಿ, ಹೊರಬೇಕಾದ ಹೊರೆಯೇ ಹೆಚ್ಚಾಗಿದೆ.

ಅರ್ಧ ಉಳಿದಿರಬೇಕಾದ ಕೊರತೆ ಪೂರ್ತಿ ಮಾಯವಾದದ್ದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಇಲ್ಲಿ ತುಸು ಮುಜುಗರದ ಮಾತು ಹೇಳಬೇಕು. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ ಹತ್ತು ಜನರನ್ನು ನ್ಯೂಯಾರ್ಕಿನ ವೈದ್ಯರ ತಂಡವೊಂದು ಪರೀಕ್ಷಿಸಿ 1992ರಲ್ಲಿ ವರದಿ ಮಾಡಿತು. ಅವರ ಚಯಾಪಚಯದಲ್ಲಿ, ಅಂದರೆ ದೇಹ ಆಹಾರವನ್ನು ಶಕ್ತಿಯಾಗಿ ಬಳಸುವ ಕ್ರಿಯೆಯಲ್ಲಿ, ದೋಷವಿರಲಿಲ್ಲ, ತಿಂದದ್ದನ್ನು ಸರಾಸರಿ 47 ಶೇಕಡಾ ಕಡಿಮೆಯಾಗಿಯೂ ಮಾಡಿದ ಶಾರೀರಿಕ ಚಟುವಟಿಕೆಯನ್ನು 51 ಶೇಕಡಾ ಹೆಚ್ಚಾಗಿಯೂ ಬರೆದುಕೊಂಡಿದ್ದರು. ಅವರನ್ನು ಸುಳ್ಳುಗಾರರು ಎನ್ನುವುದು ತಪ್ಪು. ಕಣ್ಣಳತೆ ಯಾರನ್ನೂ ಬಿಡುವುದಿಲ್ಲ. ಮೊದಲ ತಿಂಗಳು ಎಣ್ಣೆಯನ್ನು ಅಳತೆಯ ಚಮಚದಲ್ಲಿ ಹಾಕುತ್ತೇವೆ, ಅಭ್ಯಾಸವಾದ ಮೇಲೆ ಬಾಟಲಿಯಿಂದಲೇ ಬಗ್ಗಿಸುತ್ತೇವೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ, ಬಾಣಲೆಯ ತಳ ಮಿನುಗುವಷ್ಟು ಬಗ್ಗಿಸಿದಾಗ ಅದು ಒಂದು ಚಮಚವೋ ಎರಡೋ ಎಂದು ಹೇಳಬಲ್ಲವರು ವಿರಳ. ಅಡುಗೆ ಮಾಡುತ್ತಾ ನೋಡಿದ ರುಚಿ, ಮಕ್ಕಳು ತಟ್ಟೆಯಲ್ಲಿ ಉಳಿಸಿದ ಕೊನೆಯ ತುತ್ತು ಇವು ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಎರಡು ವಾರ ಮಾತ್ರ, ಮೊದಲ ದಿನಗಳ ಶಿಸ್ತಿನಿಂದ, ತೂಗಿ ಅಳೆದು ಬರೆಯಿರಿ. ಜೀವನಪೂರ್ತಿ ಲೆಕ್ಕ ಬರೆಯಬೇಕೆಂದು ನಾನು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬುವುದೂ ಇಲ್ಲ.

900 ಕ್ಯಾಲೊರಿಯ ಯೋಚನೆ ಏಕೆ ಬೇಡ ಎನ್ನುವುದಕ್ಕೆ ಬರುತ್ತೇನೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಮಿನ್ನೆಸೋಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು 36 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಊಟ ಕೊಟ್ಟು ಅಧ್ಯಯನ ಮಾಡಿದರು. ದಿನಕ್ಕೆ ಸಿಗುತ್ತಿದ್ದದ್ದು ಸುಮಾರು 1,600 ಕ್ಯಾಲೊರಿ. ಅವರು ದಪ್ಪಗಿದ್ದವರಲ್ಲ, ಹೀಗಾಗಿ ಅವರ ಸ್ಥಿತಿಯನ್ನು ಇದ್ದಂತೆಯೇ ನಿಮಗೆ ಹೋಲಿಸಲಾಗದು. ಆದರೂ ಅವರ ಮನಸ್ಸಿಗೆ ಆದದ್ದನ್ನು ಗಮನಿಸಿ: ಸಿಡುಕು, ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹಗಲಿರುಳು ಊಟದ್ದೇ ಧ್ಯಾನ. ಸಾಕಷ್ಟು ಉಣ್ಣದವರಿಗೆ ಉತ್ಸಾಹ ಇಂಗುವುದು ದೇಹಧರ್ಮ. ಉತ್ಸಾಹ ಕಡಿಮೆಯಾಗಿದೆ ಎನ್ನುವವರು ಊಟವನ್ನು ಇನ್ನಷ್ಟು ಕಡಿದರೆ ಇರುವ ಸಮಸ್ಯೆಗೇ ಗೊಬ್ಬರ ಹಾಕಿದಂತೆ. ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚುತ್ತದೆ. ಅಂಥ ಪಥ್ಯವನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಮಾಡಲೇಬಾರದು.

ಅದಕ್ಕೆ ಬದಲಾಗಿ ಮುಂದಿನ ಎರಡು ವಾರ ತೂಕ ಇಳಿಸುವ ಪ್ರಯತ್ನವನ್ನೇ ನಿಲ್ಲಿಸಿ ಎಂದರೆ ನಿಮಗೆ ವಿಚಿತ್ರವೆನಿಸಬಹುದು. ಇದ್ದ ತೂಕದಲ್ಲಿ ಇರುವಷ್ಟು ಉಣ್ಣಿ, ನಡಿಗೆ ಮಾತ್ರ ಮುಂದುವರಿಯಲಿ. ಇದರಿಂದ ಚಯಾಪಚಯ ಪವಾಡದಂತೆ ಚುರುಕಾಗುತ್ತದೆ ಎಂಬ ಪ್ರಚಾರವನ್ನು ನಾನು ನಂಬುವುದಿಲ್ಲ. ಆದರೆ ತಿಂಗಳುಗಟ್ಟಲೆ ಹಸಿವನ್ನು ತಡೆದ ಮನಸ್ಸಿಗೆ ಬಿಡುವು ಸಿಗುತ್ತದೆ, ಹೇಗಿದ್ದರೂ ಗುರಿ ಮುಟ್ಟಿದ ಮೇಲೆ ಕಲಿಯಲೇಬೇಕಾದ ತೂಕ ಕಾಯ್ದುಕೊಳ್ಳುವ ಕೆಲಸ ಈಗಲೇ ಅಭ್ಯಾಸವಾಗುತ್ತದೆ. ಐದು ವಾರ ಅದನ್ನು ನೀವು ಸರಿಯಾಗಿಯೇ ಮಾಡಿದ್ದೀರಿ. ಹೆಚ್ಚಿನವರು ಎಡವುವುದೇ ಆ ಕೆಲಸದಲ್ಲಿ.

ಆ ಬಿಡುವಿನಲ್ಲಿ ಗುರಿಯ ಸ್ವರೂಪವನ್ನೂ ಬದಲಿಸಿಕೊಳ್ಳಿ. ಈ ತಿಂಗಳು ಎರಡು ಕಿಲೋ ಇಳಿಯಬೇಕು ಎಂಬುದು ನಿಮ್ಮ ಕೈಯಲ್ಲಿಲ್ಲ. ವಾರಕ್ಕೆ ಐದು ದಿನ ಮೂವತ್ತು ನಿಮಿಷ ಬಿರುಸಾಗಿ ನಡೆಯುವುದು, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡುವುದು, ಪ್ರತಿ ಊಟದಲ್ಲೂ ಪ್ರೋಟೀನು ಇರುವಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಕ್ಯಾಲೆಂಡರಿನಲ್ಲಿ ಇವುಗಳಿಗೆ ಗುರುತು ಹಾಕಿ, ತೂಕಕ್ಕೆ ಬೇಡ. ಸಂಕಲ್ಪವನ್ನು ಸಮಯ ಮತ್ತು ಸಂದರ್ಭಕ್ಕೆ ಕಟ್ಟಿಹಾಕಿದರೆ ಅದು ನಡೆಯುವ ಸಾಧ್ಯತೆ ಹೆಚ್ಚು ಎಂದು ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ ಅವರ ಅಧ್ಯಯನಗಳು ತೋರಿಸಿವೆ. ‘ಸಂಜೆ ನಡೆಯುತ್ತೇನೆ’ ಎನ್ನುವುದಕ್ಕಿಂತ ‘ಕೆಲಸದಿಂದ ಬಂದು ಚೀಲ ಇಟ್ಟ ಕೂಡಲೇ, ಕುರ್ಚಿಯಲ್ಲಿ ಕೂರುವ ಮುನ್ನ, ನಡಿಗೆಯ ಬೂಟು ಹಾಕಿಕೊಳ್ಳುತ್ತೇನೆ, ಮಳೆ ಬಂದರೆ ಮನೆಯ ಮೆಟ್ಟಿಲನ್ನೇ ಹತ್ತಿ ಇಳಿಯುತ್ತೇನೆ’ ಎಂದು ಬರೆದಿಟ್ಟುಕೊಳ್ಳಿ. ಒಂದು ದಿನ ನಿಯಮ ಮುರಿದರೆ ‘ಹೇಗೂ ಕೆಟ್ಟಿತು’ ಎಂದು ಉಳಿದ ದಿನವನ್ನೂ ಬಿಟ್ಟುಕೊಡುವ ಸ್ವಭಾವ ಪಥ್ಯದಲ್ಲಿರುವವರಲ್ಲಿ ಸಾಮಾನ್ಯ, ಅದಕ್ಕೂ ಮೊದಲೇ ಉತ್ತರ ಬರೆದಿಡಿ: ಮುಂದಿನ ಊಟ ಎಂದಿನಂತೆ, ಕಳೆದ ಊಟಕ್ಕೆ ಉಪವಾಸದ ದಂಡವಿಲ್ಲ.

ಇನ್ನೊಂದು ವಿಷಯ ನಿಮ್ಮ ಬರಹದಲ್ಲಿ ಎಲ್ಲೂ ಕಾಣಲಿಲ್ಲ. ಅಮೆರಿಕದ ಮಧುಮೇಹ ತಡೆ ಅಧ್ಯಯನದ ವರದಿ 2002ರಲ್ಲಿ ಬಂತು. ರಕ್ತದ ಸಕ್ಕರೆ ಗಡಿಯಲ್ಲಿದ್ದವರಿಗೆ ಅಲ್ಲಿ ಕೊಟ್ಟಿದ್ದ ಗುರಿ ಏಳು ಶೇಕಡಾ ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯಂಥ ವ್ಯಾಯಾಮ ಮಾತ್ರ, ಅಷ್ಟರಿಂದ ಮಧುಮೇಹಕ್ಕೆ ತಿರುಗುವ ಪ್ರಮಾಣ 58 ಶೇಕಡಾ ತಗ್ಗಿತು. ನೀವು ಹತ್ತು ಶೇಕಡಾ ದಾಟಿದ್ದೀರಿ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಇವುಗಳನ್ನು ಪ್ರಾರಂಭದಲ್ಲಿ ಪರೀಕ್ಷಿಸಿದ್ದರೆ ಈಗ ಮತ್ತೊಮ್ಮೆ ಪರೀಕ್ಷಿಸಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಬಿಡುವಿನ ನಂತರ ಮೊದಲಿನ ಊಟಕ್ಕೆ ಮರಳಿದರೂ ಸರಾಸರಿ ಕದಲದಿದ್ದರೆ ಒಂದೇ ಒಂದನ್ನು ಬದಲಿಸಿ. ದಿನಕ್ಕೆ 150ರಿಂದ 200 ಕ್ಯಾಲೊರಿ ತಗ್ಗಿಸಿ, ಇಲ್ಲವೇ ನಡಿಗೆಯನ್ನು ಇಪ್ಪತ್ತು ನಿಮಿಷ ಹೆಚ್ಚಿಸಿ, ನಾಲ್ಕು ವಾರ ಕಾಯಿರಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ. ನಿದ್ದೆ ಆರು ಗಂಟೆಗಿಂತ ಕಡಿಮೆ ಇದ್ದರೆ ಬೇರೆಲ್ಲಕ್ಕಿಂತ ಮೊದಲು ಅದನ್ನು ಸರಿಪಡಿಸಿ. ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಆರೋಗ್ಯದ ಕೆಲವು ಮಾತ್ರೆಗಳು ತೂಕ ಇಳಿಯಗೊಡುವುದಿಲ್ಲ, ಅವನ್ನು ನೀವಾಗಿಯೇ ನಿಲ್ಲಿಸದೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ. ವಿಪರೀತ ಆಯಾಸ, ಚಳಿ ತಡೆಯದಿರುವುದು, ಕೂದಲು ಉದುರುವುದು, ಮುಟ್ಟು ಏರುಪೇರಾಗುವುದು ಇದ್ದರೆ ಥೈರಾಯ್ಡ್ ಮತ್ತಿತರ ಪರೀಕ್ಷೆಗಳಿಗೆ ಹೋಗುವುದು ಒಳ್ಳೆಯದು.

ನಿಮ್ಮ ಎತ್ತರ, ವಯಸ್ಸು, ಈಗ ತೆಗೆದುಕೊಳ್ಳುತ್ತಿರುವ ಔಷಧಗಳು, ನಿದ್ದೆಯ ಗಂಟೆಗಳು ಪ್ರಶ್ನೆಯಲ್ಲಿ ಇರಲಿಲ್ಲ. ಹೇಳಲು ಅಡ್ಡಿಯಿಲ್ಲದಿದ್ದರೆ ಅವುಗಳ ಜೊತೆಗೆ ಎರಡು ವಾರದ ಸರಾಸರಿಗಳನ್ನೂ ಇಲ್ಲಿಯೇ ಬರೆಯಿರಿ, ಊಟ ತಗ್ಗಿಸುವುದೋ ನಡಿಗೆ ಹೆಚ್ಚಿಸುವುದೋ ಎಂಬುದನ್ನು ಆಮೇಲೆ ನೋಡೋಣ.