ಹೆಬ್ಬೆರಳಿನ ಮೇಲೆ ಹೊರಿಸಿದ ಕಥೆ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ನಿಮ್ಮ ಲೇಖನ ತಲುಪಿತು. ‘ರೂಲ್ ಆಫ್ ಥಂಬ್’ (ಹೆಬ್ಬೆರಳ ಲೆಕ್ಕ, ಅಂದರೆ ಅಳೆಯದೆ ಹಾಕುವ ಅಂದಾಜು) ಎಂಬ ಇಂಗ್ಲಿಷ್ ನುಡಿಗಟ್ಟು ಹುಟ್ಟಿದ್ದೇ ಹೆಂಡತಿಯನ್ನು ಹೊಡೆಯುವ ಕಾನೂನಿನಿಂದ, ಹಾಗಾಗಿ ಆಫೀಸು ಕಾಲೇಜುಗಳಲ್ಲಿ ನಾವು ಆ ಮಾತನ್ನು ಬಿಟ್ಟುಬಿಡಬೇಕು ಎಂದು ಬರೆದಿದ್ದೀರಿ. ಭಾಷೆ ಹದವಾಗಿದೆ. ಪಕ್ಕದ ಮನೆಯಿಂದ ಏಟಿನ ಸದ್ದು ಕೇಳಿದ ಕೂಡಲೇ ವಠಾರದವರು ಒಬ್ಬೊಬ್ಬರಾಗಿ ಕಿಟಕಿ ಮುಚ್ಚಿಕೊಳ್ಳುವ ನಿಮ್ಮ ಮೊದಲ ಪ್ಯಾರಾದಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ. ನನಗೆ ಸಿಟ್ಟು ಬಂದದ್ದು ಎರಡನೇ ಪುಟಕ್ಕೆ. ಬೇರೆಲ್ಲ ಬಿಟ್ಟು ಆ ಒಂದು ಪುಟದ ಬಗ್ಗೆ ಮಾತ್ರ ಬರೆಯುತ್ತೇನೆ.

ಅಲ್ಲಿ ನಿಮ್ಮ ಮೊದಲ ಸಾಲು: “ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಿಂದ ಹೆಂಡತಿಯನ್ನು ಹೊಡೆಯಬಹುದೆಂಬ ಕಾನೂನು ಇಂಗ್ಲೆಂಡಿನಲ್ಲಿತ್ತು ಎಂದು ಇತಿಹಾಸ ಹೇಳುತ್ತದೆ.” ಯಾವ ಕಾನೂನು? ಯಾವ ವರ್ಷದ್ದು? ಹಾಗೆ ಹೇಳುವ ಶಾಸನ ಇಂಗ್ಲೆಂಡಿನಲ್ಲಿ ಇರಲಿಲ್ಲ. ಇದ್ದದ್ದು ಅಲ್ಲಿನ ಕಾನೂನು ಪಂಡಿತ ವಿಲಿಯಂ ಬ್ಲ್ಯಾಕ್‌ಸ್ಟೋನ್ 1765ರಲ್ಲಿ ಬರೆದ ಮಾತು: ಹಳೆಯ ಕಾನೂನಿನ ಪ್ರಕಾರ ಗಂಡನು ಹೆಂಡತಿಯನ್ನು ‘ಮಿತವಾಗಿ ದಂಡಿಸಿ ತಿದ್ದಬಹುದಿತ್ತು’, ಹದಿನೇಳನೇ ಶತಮಾನದ ದೊರೆ ಎರಡನೇ ಚಾರ್ಲ್ಸ್ ಕಾಲದಿಂದ ಈ ಹಕ್ಕನ್ನು ಅನುಮಾನದಿಂದ ನೋಡತೊಡಗಿದರು, ಆದರೂ ಕೆಳವರ್ಗದ ಜನ ಅದನ್ನು ಈಗಲೂ ತಮ್ಮದೆಂದು ಸಾಧಿಸುತ್ತಾರೆ ಎಂದು. ಇಲ್ಲಿ ಹೆಬ್ಬೆರಳೂ ಇಲ್ಲ, ಅಳತೆಯೂ ಇಲ್ಲ.

ಎರಡನೇ ಸಾಲು: “1782ರಲ್ಲಿ ನ್ಯಾಯಾಧೀಶ ಫ್ರಾನ್ಸಿಸ್ ಬುಲ್ಲರ್ ಈ ತೀರ್ಪು ಕೊಟ್ಟರು.” ಅಂಥ ತೀರ್ಪು ಯಾವ ದಾಖಲೆಯಲ್ಲೂ ಇಲ್ಲ. ಬುಲ್ಲರ್ ಹಾಗೆ ಅಂದರೆಂದು ಊರಲ್ಲಿ ಸುದ್ದಿ ಹಬ್ಬಿತ್ತು, ನಿಜ. ಆ ನವೆಂಬರಿನಲ್ಲಿ ಜೇಮ್ಸ್ ಗಿಲ್ರೇ ಒಂದು ವ್ಯಂಗ್ಯಚಿತ್ರ ಬರೆದ. ಅದರಲ್ಲಿ ಬುಲ್ಲರ್ ಕೋಲುಗಳ ಕಟ್ಟು ಹೊತ್ತು ಮಾರಲು ಹೊರಟಿದ್ದಾರೆ, ಹಿಂದೆ ಒಬ್ಬ ಗಂಡಸು ಹೆಂಗಸಿನ ಮೇಲೆ ಕೋಲು ಎತ್ತಿದ್ದಾನೆ. ಚಿತ್ರದ ಹೆಸರು ‘ಜಡ್ಜ್ ಥಂಬ್’. ಆ ಅಡ್ಡಹೆಸರು ಬುಲ್ಲರ್‌ಗೆ ಅಂಟಿಯೇ ಉಳಿಯಿತು. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರ ಚರಿತ್ರೆ ಬರೆದ ಎಡ್ವರ್ಡ್ ಫಾಸ್ ಹುಡುಕಿ ನೋಡಿ, ಬುಲ್ಲರ್ ಹಾಗೆ ಹೇಳಿದ್ದಕ್ಕೆ ಗಟ್ಟಿ ಪುರಾವೆ ಇಲ್ಲವೆಂದು ಬರೆದರು. ವ್ಯಂಗ್ಯಚಿತ್ರವನ್ನು ಸಾಕ್ಷಿಯಾಗಿ ತರಬಹುದು, ಆದರೆ ಜನ ಏನು ಮಾತಾಡಿಕೊಳ್ಳುತ್ತಿದ್ದರು ಎಂಬುದಕ್ಕಷ್ಟೇ.

ಮೂರನೇ ಸಾಲು ಓದಿ ಪೆನ್ನು ಕೆಳಗಿಟ್ಟೆ: “ಅಲ್ಲಿಂದಲೇ ಹುಟ್ಟಿದ ಈ ಮಾತು ಇಂದಿಗೂ ಅದೇ ಅರ್ಥವನ್ನು ಹೊತ್ತುಕೊಂಡಿದೆ.” ಬುಲ್ಲರ್ ಹುಟ್ಟುವುದಕ್ಕೂ ಮುಂಚೆ ಈ ಮಾತು ಬಳಕೆಯಲ್ಲಿತ್ತು. ಸ್ಕಾಟ್ಲೆಂಡಿನ ಪಾದ್ರಿ ಜೇಮ್ಸ್ ಡರ್ಹಮ್ 1658ರಲ್ಲಿ ತೀರಿಕೊಂಡವರು. 1685ರಲ್ಲಿ ಅಚ್ಚಾದ ಅವರ ಪ್ರವಚನಗಳಲ್ಲಿ, ಅಳತೆ ಹಿಡಿಯದೆ ಅಂದಾಜಿನ ಮೇಲೆ, ‘ಹೆಬ್ಬೆರಳ ಲೆಕ್ಕದಲ್ಲಿ’ ಮನೆ ಕಟ್ಟುವ ದಡ್ಡರ ಮಾತು ಬರುತ್ತದೆ. 1692ರಲ್ಲಿ ಕತ್ತಿವರಸೆಯ ಗುರು ಸರ್ ವಿಲಿಯಂ ಹೋಪ್ ಕೂಡ ಇದನ್ನು ಬೈಗುಳದಂತೆಯೇ ಬಳಸಿದರು: ಅವನು ಮಾಡುವುದೆಲ್ಲ ಹೆಬ್ಬೆರಳ ಲೆಕ್ಕ, ವಿದ್ಯೆಯಲ್ಲ ಎಂದು. ಕೋಲು, ಹೆಂಡತಿ, ಕೋರ್ಟು ಯಾವುದೂ ಅಲ್ಲಿಲ್ಲ. 1721ರ ಸ್ಕಾಟಿಷ್ ಗಾದೆಗಳ ಸಂಗ್ರಹದಲ್ಲಿ ಜೇಮ್ಸ್ ಕೆಲ್ಲಿ ಇದೇ ಮಾತನ್ನು ಕೊಡುವಾಗ ದನಿ ಆಗಲೇ ಮೆತ್ತಗಾಗಿದೆ: ಗುರಿ ತಾಗಿದರೆ ಹೆಬ್ಬೆರಳ ಲೆಕ್ಕದಷ್ಟು ಒಳ್ಳೆಯ ಲೆಕ್ಕ ಬೇರಿಲ್ಲ. ಈಗಂತೂ ಎಂಜಿನಿಯರುಗಳು, ಡಾಕ್ಟರುಗಳು ಅನುಭವದಿಂದ ಬಂದ ಒಳ್ಳೆಯ ಅಂದಾಜು ಎಂಬರ್ಥದಲ್ಲಿ ಇದನ್ನು ಗೌರವದಿಂದಲೇ ಬಳಸುತ್ತಾರೆ. ತಿರಸ್ಕಾರವಾಗಿದ್ದದ್ದು ಮೆಚ್ಚುಗೆಯಾದ ಈ ಪಯಣವೇ ಒಂದು ಲೇಖನದ ವಸ್ತು. ನೀವು ಅದನ್ನು ಒಂದು ಸಾಲಿನಲ್ಲಿ ಅಳಿಸಿಬಿಟ್ಟಿರಿ.

ಹಾಗಾದರೆ ಏಟಿಗೂ ಈ ಮಾತಿಗೂ ಗಂಟು ಬಿದ್ದದ್ದು ಎಂದು? 1976ರಲ್ಲಿ. ಅಮೆರಿಕದ ಮಹಿಳಾ ಹೋರಾಟಗಾರ್ತಿ ಡೆಲ್ ಮಾರ್ಟಿನ್ ಗಂಡಂದಿರ ಹಿಂಸೆಯ ಬಗ್ಗೆ ಬರೆಯುವಾಗ ಹೆಬ್ಬೆರಳ ದಪ್ಪದ ಕೋಲಿನ ಆ ಹಳೆಯ ಹೇಳಿಕೆಯನ್ನು ಪ್ರಸ್ತಾಪಿಸಿ, ಒಂದು ರೀತಿಯಲ್ಲಿ ಇದೂ ‘ರೂಲ್ ಆಫ್ ಥಂಬ್’ ಎಂದು ಮಾತಿನ ಚಮತ್ಕಾರ ಮಾಡಿದರು. ನುಡಿಗಟ್ಟಿನ ಮೂಲ ಇದು ಎಂದು ಅವರು ಹೇಳಿರಲಿಲ್ಲ. ಓದಿದವರು ಮೂಲವೆಂದೇ ತಿಳಿದರು. 1982ರಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಆಯೋಗದ ವರದಿಯ ಶೀರ್ಷಿಕೆಯಲ್ಲೇ ಆ ಮಾತು ಕೂತಿತು. ಆಯೋಗದ ಮುದ್ರೆ ಬಿದ್ದ ಮೇಲೆ ಅನುಮಾನಿಸುವವರು ಯಾರು?

ಇದನ್ನು ಬರೆಯುವಾಗ ನಾನು ಕೆಲಸ ಕಲಿತ ಡೆಸ್ಕು ನೆನಪಾಗುತ್ತಿದೆ. ಜಿಲ್ಲೆಯೊಂದರ ಪತ್ರಿಕೆ, ಗ್ಯಾಲಿ ಪ್ರೂಫಿನ ಉದ್ದುದ್ದ ಹಾಳೆಗಳು, ಕೈಗೆಲ್ಲ ಮಸಿ. ನಮ್ಮ ಹಿರಿಯ ಉಪಸಂಪಾದಕರು ಅಂಚಿನಲ್ಲಿ ಕೆಂಪು ರೀಫಿಲ್ಲಿನಿಂದ ಎರಡೇ ಪದ ಬರೆಯುತ್ತಿದ್ದರು: “ಯಾರು ಹೇಳಿದ್ದು?” ಒಮ್ಮೆ ಗ್ರಾಮಾಂತರ ವರದಿಗಾರರೊಬ್ಬರು ತಮ್ಮೂರಿನ ವೀರಗಲ್ಲು ಹೊಯ್ಸಳರ ಕಾಲದ್ದೆಂದು ಬರೆದು ಕಳಿಸಿದರು. ಅಂಚಿನಲ್ಲಿ ಅದೇ ಪ್ರಶ್ನೆ ಬಿತ್ತು. ವಿಚಾರಿಸಿಕೊಂಡು ಬಾ ಎಂದು ನನ್ನನ್ನು ಬಸ್ಸು ಹತ್ತಿಸಿದರು. ವರದಿಗಾರರಿಗೆ ಹೇಳಿದ್ದು ಪೂಜಾರಪ್ಪ. ಪೂಜಾರಪ್ಪನಿಗೆ ಹೇಳಿದ್ದು ಶಾಲೆಯ ಮೇಷ್ಟ್ರು. ಮೇಷ್ಟ್ರು ಟ್ರಂಕಿನಿಂದ ಮಡಿಚಿಟ್ಟ ಪತ್ರಿಕೆಯ ತುಂಡೊಂದನ್ನು ತೆಗೆದು ಹೆಮ್ಮೆಯಿಂದ ಕೈಗಿಟ್ಟರು. ಅದು ನಮ್ಮದೇ ಪತ್ರಿಕೆ, ಹಲವು ವರ್ಷ ಹಳೆಯದು. ಹಾಗೆ ಬರೆದವರು ಯಾರೆಂದು ಅದರಲ್ಲೂ ಇರಲಿಲ್ಲ. ವಾಪಸು ಬಂದು ಹೇಳಿದಾಗ ಹಿರಿಯರು ನಗಲಿಲ್ಲ. “ಇತಿಹಾಸಕ್ಕೆ ಬಾಯಿಲ್ಲ ಕಣಯ್ಯ. ಹೇಳಿದವರ ಹೆಸರು ಬರಿ, ಇಲ್ಲ ಸಾಲು ಹೊಡಿ” ಎಂದು ಆ ಸಾಲಿಗೆ ಗೆರೆ ಎಳೆದರು. ನಿಮ್ಮ ‘ಇತಿಹಾಸ ಹೇಳುತ್ತದೆ’ಯನ್ನು ಕಂಡಾಗ ನನ್ನ ಕೈ ತಾನಾಗಿ ಕೆಂಪು ಪೆನ್ನಿಗೆ ಹೋದದ್ದು ಇದಕ್ಕೇ.

ಮೂಲ ಸುಳ್ಳಾದರೇನು, ಹಿಂಸೆ ನಿಜವಲ್ಲವೇ ಎಂದು ನೀವು ಕೇಳಬಹುದು. ನನ್ನ ಸಂಕಟ ಇರುವುದೇ ಅಲ್ಲಿ. ಹೆಬ್ಬೆರಳಿನ ಅಳತೆ ಕೋರ್ಟಿನ ಬಾಯಲ್ಲಿ ನಿಜಕ್ಕೂ ಬಂದ ಕಡೆಗೆ ನೀವು ಹೋಗಲೇ ಇಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ, 1868. ರೋಡ್ಸ್ ಎಂಬಾತ ಹೆಂಡತಿ ಎಲಿಜಬೆತ್‌ಗೆ ಬೆರಳ ಗಾತ್ರದ ಬೆತ್ತದಿಂದ ಮೂರು ಏಟು ಹೊಡೆದ. ಆಕೆ ಏನೋ ಅಂದಳಂತೆ, ಏನೆಂದು ಸಾಕ್ಷಿಗೆ ನೆನಪಿರಲಿಲ್ಲ. ಬೆತ್ತ ಹೆಬ್ಬೆರಳಿಗಿಂತ ದಪ್ಪವಿರಲಿಲ್ಲವೆಂದು ಕೆಳಗಿನ ನ್ಯಾಯಾಧೀಶರು ಅವನನ್ನು ಬಿಟ್ಟರು. ಮೇಲಿನ ಕೋರ್ಟು ಈ ಅಳತೆಯನ್ನು ಒಪ್ಪಲಿಲ್ಲ, ಆದರೂ ಅವನ ಬಿಡುಗಡೆಯನ್ನು ಎತ್ತಿಹಿಡಿಯಿತು. ಸಣ್ಣಪುಟ್ಟ ವಿಷಯಕ್ಕೆ ಸಂಸಾರದೊಳಗೆ ಕೋರ್ಟು ಕೈಹಾಕುವುದಿಲ್ಲ ಎಂಬುದು ಅದರ ಕಾರಣ. 1874ರ ಆಲಿವರ್ ಪ್ರಕರಣದಲ್ಲಿ ಅದೇ ಕೋರ್ಟು, ಹೆಬ್ಬೆರಳಿನ ಹಳೆಯ ಮಾತು ನಮ್ಮಲ್ಲಿ ಕಾನೂನೇ ಅಲ್ಲವೆಂದು ಸಾರಿ, ಹೊಡೆದ ಗಂಡನ ಶಿಕ್ಷೆಯನ್ನೂ ಎತ್ತಿಹಿಡಿಯಿತು. ಆದರೆ ಜೊತೆಯಲ್ಲೇ ಹೇಳಿತು: ಶಾಶ್ವತ ಗಾಯವಾಗಿಲ್ಲದಿದ್ದರೆ, ಕ್ರೌರ್ಯ ಕಾಣದಿದ್ದರೆ, ಪರದೆ ಎಳೆದು, ಹೊರಗಿನವರ ಕಣ್ಣು ಬೀಳದಂತೆ ಮಾಡಿ, ಮರೆತು ಕ್ಷಮಿಸಿಕೊಳ್ಳಲು ಅವರಿಬ್ಬರಿಗೇ ಬಿಡುವುದು ಒಳ್ಳೆಯದು.

ಆ ಪರದೆಯನ್ನು ನೋಡಿದಿರಾ? ನಿಮ್ಮ ವಠಾರದ ಕಿಟಕಿಗಳಿಗೆ ನಂಟಿರುವುದು ಅದರೊಂದಿಗೆ, ಕೋಲಿನ ದಪ್ಪದೊಂದಿಗಲ್ಲ. ಹೆಬ್ಬೆರಳಿನ ಕಥೆಯನ್ನು ಓದಿದವರು, ಹಿಂದಿನವರು ಎಂಥ ಮೂರ್ಖ ಅಳತೆ ಇಟ್ಟಿದ್ದರು ಎಂದು ಬೆರಗಾಗಿ ಪುಟ ತಿರುಗಿಸುತ್ತಾರೆ. ಪರದೆಯ ಮಾತನ್ನು ಓದಿದವರಿಗೆ ತಮ್ಮ ಮನೆಯ ಕಿಟಕಿ ಕಾಣುತ್ತದೆ. ಅದೂ ಅಲ್ಲದೆ, ಈ ವ್ಯುತ್ಪತ್ತಿ ಸುಳ್ಳೆಂದು ಬಲ್ಲ ಒಬ್ಬ ಓದುಗ ಸಿಕ್ಕರೂ ಸಾಕು, ನಿಮ್ಮ ಪಕ್ಕದ ಮನೆಯ ಹೆಣ್ಣುಮಗಳ ಅಳಲನ್ನೂ ಅವನು ಅದರ ಜೊತೆಗೇ ತಳ್ಳಿಹಾಕುತ್ತಾನೆ. ಹಾಗಾಗುವುದು ನನಗೆ ಬೇಡ.

ಎರಡನೇ ಪುಟ ಪೂರ್ತಿ ತೆಗೆದು ಹೊಸದಾಗಿ ಬರೆಯಿರಿ. ರೋಡ್ಸ್, ಆಲಿವರ್ ತೀರ್ಪುಗಳನ್ನು ಬೇರೆಯವರ ಸಾರಾಂಶದಲ್ಲಿ ನೋಡಬೇಡಿ, ಮೂಲದಲ್ಲೇ ಓದಿ; ಎರಡೂ ಉದ್ದವಿಲ್ಲ. ನುಡಿಗಟ್ಟನ್ನು ಬಹಿಷ್ಕರಿಸಿ ಎಂಬ ಕೊನೆಯ ಪ್ಯಾರಾ ಬೇಡ. ಶೀರ್ಷಿಕೆಯೂ ಬದಲಾಗಬೇಕಾಗುತ್ತದೆ. ಮುಂದಿನ ಸಂಚಿಕೆಯಲ್ಲಿ ನಿಮಗೆಂದು ಎರಡು ಪುಟ ತೆಗೆದಿಟ್ಟಿದ್ದೇನೆ.

ಇತಿ,
ಸಂಪಾದಕ