ಮ್ಯಾನ್‌ಹೋಲ್‌ನಲ್ಲಿ ಬಿದ್ದವರನ್ನು ಎತ್ತಲು ಇಳಿದವರೂ ಸಾಯುವುದು ಯಾಕೆ?

ಮೊದಲು ಇಳಿದವರನ್ನು ಕೆಡವಿದ ವಿಷಗಾಳಿ ಅಲ್ಲೇ ನಿಂತಿರುತ್ತದೆ. ಕಾಪಾಡಲು ಹೋದವರೂ ಅದನ್ನೇ ಉಸಿರಾಡುತ್ತಾರೆ.

ಮುಚ್ಚಿದ ಗುಂಡಿಯಲ್ಲಿ ಕೊಳಚೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದೇ. ಗಾಳಿಗಿಂತ ಸ್ವಲ್ಪ ಭಾರ, ಹಾಗಾಗಿ ತಳದಲ್ಲೇ ಕೂತಿರುತ್ತದೆ. ಕೆಸರು ಕದಡಿದರೆ ಒಮ್ಮೆಲೇ ಜಾಸ್ತಿ ಮೇಲೇಳುತ್ತದೆ.

ಇದರ ದೊಡ್ಡ ಅಪಾಯ ಏನೆಂದರೆ, ಪ್ರಮಾಣ ಏರಿದ ಹಾಗೆ ಮೂಗೇ ಕೆಲಸ ನಿಲ್ಲಿಸುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು ಸುಮಾರು 100 ಪಾಲು ಇದ್ದರೂ ಸ್ವಲ್ಪ ಹೊತ್ತಿಗೆ ವಾಸನೆ ಗೊತ್ತಾಗುವುದಿಲ್ಲ. ವಾಸನೆ ಹೋಯ್ತು, ಇನ್ನು ಭಯವಿಲ್ಲ ಅನಿಸಿಬಿಡುತ್ತದೆ. 1,000 ಪಾಲು ಮುಟ್ಟಿದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ, ಕೂಗಲೂ ಆಗುವುದಿಲ್ಲ. ಮೇಲೆ ನಿಂತವರಿಗೆ ಕಾಲು ಜಾರಿ ಬಿದ್ದ ಹಾಗೆ ಕಾಣುತ್ತದೆ. ಹಿಂದೆಮುಂದೆ ನೋಡದೆ ಇಳಿಯುತ್ತಾರೆ. ಜೊತೆಗೆ ಒಳಗೆ ಆಮ್ಲಜನಕವೂ ಕಡಿಮೆ ಇರಬಹುದು.

ಮೂಗಿಗೆ ಕಟ್ಟಿದ ಬಟ್ಟೆಯಾಗಲಿ ಮಾಮೂಲಿ ಮಾಸ್ಕ್ ಆಗಲಿ ಅನಿಲವನ್ನು ತಡೆಯುವುದಿಲ್ಲ. ದಯವಿಟ್ಟು ಇಳಿಯಬೇಡಿ, 112ಕ್ಕೆ ಫೋನ್ ಮಾಡಿ. ಗಾಳಿ ಸಿಲಿಂಡರ್ ಬೆನ್ನಿಗೆ ಹೊತ್ತ ಅಗ್ನಿಶಾಮಕ ಸಿಬ್ಬಂದಿ ಮಾತ್ರ ಒಳಗೆ ಹೋಗಬಹುದು.

ನಿಜ ಹೇಳಬೇಕೆಂದರೆ, ಯಾರನ್ನೂ ಇಳಿಸುವ ಅಗತ್ಯವೇ ಇರಬಾರದು. ಅದಕ್ಕೇ ಕೊಳಚೆ ಹೀರುವ ಸಕ್ಕಿಂಗ್, ರಭಸವಾಗಿ ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರಗಳಿವೆ. ಸುರಕ್ಷಾ ಸಾಧನ ಕೊಡದೆ ಜನರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಆಗಬಹುದು. ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನಿಮ್ಮ ಅಪಾರ್ಟ್‌ಮೆಂಟಿನ ಪಿಟ್ ಸ್ವಚ್ಛ ಮಾಡಿಸುವಾಗಲೂ ಇದೇ ಕಾಯ್ದೆ ಅನ್ವಯಿಸುತ್ತದೆ.